ಪರದೆ ಯಾರಿಗೆ, ಮೇಷ್ಟ್ರು ಯಾರಿಗೆ: ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯ ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಎರಡು ವರ್ಷ ಏನೇನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಶಾಲೆ, ಊರು, ದಾನಿಗಳು, ಶಿಕ್ಷಕರು, ಮಕ್ಕಳು, ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಶಿಕ್ಷಕರ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿಯೂ ದುಡಿದವನು. ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು "ಬಂದು ನೋಡಿ ಸಾರ್, ನಾವು ಕೊಟ್ಟಿದ್ದು ಉಪಯೋಗ ಆಗ್ತಿದೆಯಾ ಹೇಳಿ" ಎಂದು ಕೇಳಿಕೊಂಡಿದ್ದರು. ಹಾಗಾಗಿ ಆಗಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ.

ಹಿನ್ನೆಲೆ

ಶಾಲೆ ಇರುವುದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಸುತ್ತ ಭತ್ತ, ಕಬ್ಬು, ಅಲ್ಲಲ್ಲಿ ಆಲೆಮನೆ. 8ರಿಂದ 10ನೇ ತರಗತಿವರೆಗೆ ಇದೆ. ಐದಾರು ಹಳ್ಳಿಗಳ ಮಕ್ಕಳು ಬರುತ್ತಾರೆ. ಕೆಲವರು ನಡೆದು, ಕೆಲವರು ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಯ ಹುಡುಗಿಯರ ಹಾಜರಾತಿ ಸ್ವಲ್ಪ ಸುಧಾರಿಸಿತು ಎನ್ನುತ್ತಾರೆ ಮುಖ್ಯ ಶಿಕ್ಷಕಿ. ಹೆಚ್ಚಿನ ಮನೆಗಳಲ್ಲಿ ತುಂಡು ಜಮೀನು, ಜೊತೆಗೆ ಕೂಲಿ. ತಾಯಂದಿರಲ್ಲಿ ಹಲವರು ಬೆಳಗ್ಗೆ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋದರೆ ವಾಪಸ್ ಬರುವುದು ಕತ್ತಲಾದ ಮೇಲೆ.

ಶಾಲೆಗೆ ಒಂದು ದೊಡ್ಡ ಕೊರತೆ ಇತ್ತು. ಪಿಸಿಎಂ ಶಿಕ್ಷಕರು, ಅಂದರೆ ಗಣಿತ ಮತ್ತು ಭೌತಶಾಸ್ತ್ರ ಮಾಡುವವರು, ವರ್ಗಾವಣೆಯಾಗಿ ಹೋದ ಮೇಲೆ ಆ ಹುದ್ದೆಗೆ ಯಾರೂ ಬಂದಿರಲಿಲ್ಲ. ಅತಿಥಿ ಶಿಕ್ಷಕರ ನೇಮಕ ಆಗುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿರುತ್ತಿತ್ತು. ಅಲ್ಲಿಯವರೆಗೆ ಸಿಬಿಝಡ್ ಮೇಷ್ಟ್ರೇ, ಅಂದರೆ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದವರೇ, ಗಣಿತದ ಪಿರಿಯಡ್ಡನ್ನೂ ಎಳೆದುಕೊಂಡು ಹೋಗಬೇಕು. ಮುಂದೆ ಹೇಳುವುದಕ್ಕೆಲ್ಲ ಈ ಖಾಲಿ ಹುದ್ದೆಯೇ ಬೇರು. ಅದನ್ನು ಬಿಟ್ಟು ಬರೀ ಪರದೆಯ ಬಗ್ಗೆ ಮಾತಾಡಿದರೆ ಏನೂ ಅರ್ಥವಾಗುವುದಿಲ್ಲ.

ಕೋವಿಡ್‌ನ ಗಾಯವೂ ಆರಿರಲಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ವಿದ್ಯಾಗಮ ಅಂತ ಶಿಕ್ಷಕರು ಹಳ್ಳಿಗಳಿಗೇ ಹೋಗಿ ಜಗಲಿ, ಮರದ ಕೆಳಗೆ ಪಾಠ ಮಾಡಿದರು. ಅದೂ ಕೆಲವೇ ತಿಂಗಳಲ್ಲಿ ನಿಂತಿತು. 2022-23 ಅನ್ನು ಕಲಿಕಾ ಚೇತರಿಕೆ ವರ್ಷ ಎಂದು ಕರೆದರೂ, ಪ್ರಾಥಮಿಕ ಶಾಲೆಯ ಎರಡು ವರ್ಷ ಕಳೆದುಕೊಂಡ ಮಕ್ಕಳು ಭಾಗಾಕಾರ ಬಾರದೆಯೇ ಪ್ರೌಢಶಾಲೆಗೆ ಬಂದುಬಿಟ್ಟಿದ್ದರು. ಬೀಜಗಣಿತ ಹೇಳಿಕೊಡಬೇಕಾದ ಮಕ್ಕಳು ಇವರು.

ಇಂಥ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಒಂದು ಕಂಪನಿಯ ಸಹಾಯವನ್ನೂ ಸೇರಿಸಿ, ಒಂದು ದೊಡ್ಡ ಟಚ್ ಪ್ಯಾನೆಲ್, ಯುಪಿಎಸ್, ಸ್ಪೀಕರ್, 20 ಟ್ಯಾಬ್ ಮತ್ತು ಎಲ್ಲ ವಿಷಯಗಳ ವಿಡಿಯೋ ಪಾಠ ಕೊಟ್ಟರು. ಟೇಪ್ ಕಟ್ ಆಯಿತು. ಊರಿನವರಿಗೆ ಹೆಮ್ಮೆ. ಪಕ್ಕದ ಖಾಸಗಿ ಶಾಲೆಗೆ ಸೇರಿಸಬೇಕು ಅಂದುಕೊಂಡಿದ್ದ ಒಂದಿಬ್ಬರು ಪೋಷಕರು ಮಕ್ಕಳನ್ನು ಇಲ್ಲೇ ಉಳಿಸಿದರು. ಇದನ್ನು ನಾನು ಸಣ್ಣ ಲಾಭ ಎಂದು ಭಾವಿಸುವುದಿಲ್ಲ. ಸರ್ಕಾರಿ ಶಾಲೆಯ ಬಗ್ಗೆ ಊರಿಗೆ ಮತ್ತೆ ಆಸೆ ಹುಟ್ಟುವುದು ದೊಡ್ಡ ವಿಷಯವೇ.

ಮೊದಲ ವರ್ಷ

ಶುರುವಿನಲ್ಲಿ ಮಕ್ಕಳ ಖುಷಿ ಹೇಳತೀರದು. ಸ್ಮಾರ್ಟ್ ಕ್ಲಾಸ್ ಕೋಣೆಗೆ ಓಡಿಹೋಗಿ ಮುಂದಿನ ಜಾಗ ಹಿಡಿಯುತ್ತಿದ್ದರು. ಮುಖ್ಯ ಶಿಕ್ಷಕಿ ಎಲ್ಲ ತರಗತಿಗೂ ಸಮನಾಗಿ ಸಿಗಲಿ ಎಂದು ವೇಳಾಪಟ್ಟಿಯಲ್ಲಿ ಕೋಣೆಯನ್ನು ಹಂಚಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅದರಿಂದ, ಪಾಠಕ್ಕೆ ಬೇಕಿರಲಿ ಬಿಡಲಿ, ಸರದಿ ಬಂತು ಅಂದರೆ ಪ್ಯಾನೆಲ್ ಹಾಕುವುದು ಎಂದಾಯಿತು. ಸಂಧಿ, ಸಮಾಸಕ್ಕೂ ವಿಡಿಯೋ. ಭಿನ್ನರಾಶಿಗೂ ವಿಡಿಯೋ.

ಗಣಿತಕ್ಕಂತೂ ಶಿಕ್ಷಕರೇ ಇಲ್ಲವಲ್ಲ. ಪಿರಿಯಡ್ ಪೂರ್ತಿ ವಿಡಿಯೋ ಓಡುತ್ತಿತ್ತು. ಶಿಸ್ತು ನೋಡಿಕೊಳ್ಳಲು ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ತರಗತಿ ನಡೆಯುತ್ತಿದೆ ಅನ್ನಿಸುತ್ತಿತ್ತು. ಮಕ್ಕಳು ಸುಮ್ಮನೆ ಕೂತಿದ್ದಾರೆ, ಪರದೆ ನೋಡುತ್ತಿದ್ದಾರೆ, ಬರೆದುಕೊಳ್ಳುತ್ತಿದ್ದಾರೆ. ಖಾಲಿ ಹುದ್ದೆ ತುಂಬಿದ ಹಾಗೆ ಕಾಣುತ್ತಿತ್ತು. ಹುದ್ದೆ ಖಾಲಿ ಇದೆ ಎಂದು ಮೇಲಿನವರನ್ನು ಒತ್ತಾಯಿಸುವುದೂ ಆ ಕೆಲವು ತಿಂಗಳು ಕಡಿಮೆಯಾಯಿತು. ತಂತ್ರಜ್ಞಾನದ ಅತಿ ದೊಡ್ಡ ಅಪಾಯ ಇದೇ ಎಂದು ಈ ಪ್ರಕರಣ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದೆ. ಕಣ್ಣು ಹಾಳಾಗುತ್ತೆ, ಗಮನ ಹಾಳಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಕೊರತೆ ಕಾಣದ ಹಾಗೆ ಮುಚ್ಚಿಬಿಡುತ್ತೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ದಸರಾ ರಜೆಗೆ ಮೊದಲು ಮಧ್ಯವಾರ್ಷಿಕ ಪರೀಕ್ಷೆ ಆಯಿತು. ವಿಜ್ಞಾನದಲ್ಲಿ ಹಿಂದಿನ ಸಲದಷ್ಟೇ. ಗಣಿತದಲ್ಲಿ ಚೆನ್ನಾಗಿ ಓದುವವರು ಹೇಗಿದ್ದರೋ ಹಾಗೇ ಇದ್ದರು. ಹಿಂದೆ ಇದ್ದವರು ಇನ್ನೂ ಹಿಂದಕ್ಕೆ ಹೋಗಿದ್ದರು. "ಇಷ್ಟೆಲ್ಲ ಬಂದ ಮೇಲೂ ಹಿಂಗ್ಯಾಕೆ?" ಎಂದು ಎಸ್‌ಡಿಎಂಸಿ (ಪೋಷಕರ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಸಭೆಯಲ್ಲಿ ಕೇಳಿದರು. ಮಕ್ಕಳಿಗೆ ಗಮನ ಇಲ್ಲ ಎಂದು ಕೆಲವರು. ಪಾಠದ ವಿಡಿಯೋ ಸರಿಯಿಲ್ಲ ಎಂದು ಕೆಲವರು.

ನೋಟ್‌ಬುಕ್‌ಗಳು ಹೇಳಿದ್ದು

ರಜೆ ಮುಗಿದ ಮೇಲೆ ಮುಖ್ಯ ಶಿಕ್ಷಕಿ 9ನೇ ತರಗತಿಯ ಗಣಿತದ ನೋಟ್‌ಬುಕ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರು. ನಾನೂ ಜೊತೆಗಿದ್ದೆ. ಮೊದಲ ನೋಟಕ್ಕೆ ನೀಟಾಗಿವೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಲೆಕ್ಕದ ಬಿಡಿಸುವಿಕೆ ಮೂರನೇ ಸಾಲಿನ ನಡುವೆ ನಿಂತಿತ್ತು. ಪಕ್ಕದ ನೋಟ್‌ಬುಕ್ ತೆಗೆದರೆ ಅಲ್ಲೂ ಅದೇ ಜಾಗದಲ್ಲಿ ನಿಂತಿತ್ತು. ಇನ್ನೊಂದರಲ್ಲೂ ಹಾಗೇ. ಪರದೆಯ ಮೇಲೆ ಚಿತ್ರ ಬದಲಾದ ಕ್ಷಣಕ್ಕೆ ಎಲ್ಲರ ಪೆನ್ನೂ ನಿಂತಿತ್ತು. ಸಮೀಕರಣದ ಒಂದು ಬದಿ ಬರೆದು, ಸಮ ಚಿಹ್ನೆ ಹಾಕಿ, ಮುಂದೆ ಬರೀ ಖಾಲಿ. ಹಾಗೆ ಅರ್ಧಕ್ಕೆ ನಿಂತದ್ದು ಪುಟ ಪುಟಕ್ಕೂ ಸಿಕ್ಕಿತು. ಯಾವ ಮಗುವೂ ಹಿಂದಿರುಗಿ ಅದನ್ನು ತುಂಬಿಸಿರಲಿಲ್ಲ. ಏಕೆಂದರೆ ಅವರು ಲೆಕ್ಕ ಮಾಡುತ್ತಲೇ ಇರಲಿಲ್ಲ, ಲೆಕ್ಕದ ಚಿತ್ರವನ್ನು ನಕಲು ಮಾಡುತ್ತಿದ್ದರು.

ಒಬ್ಬ ಹುಡುಗನನ್ನು ಕರೆದು ಕೇಳಿದರು. "ಅದು ಓಡ್ತಾನೇ ಇರ್ತದೆ ಮಿಸ್. ನಾವು ಬರ್ಕೊಳೋಷ್ಟ್ರಲ್ಲಿ ಹೊಂಟೋಯ್ತದೆ" ಎಂದ. "ನಿಲ್ಸಿ ಅಂತ ಕೇಳ್ಬೋದಿತ್ತಲ್ಲ?" ಎಂದರೆ, "ಯಾರ್ನ ಕೇಳಾದು ಮಿಸ್?" ಎಂದ.

ಮುಖ್ಯ ಶಿಕ್ಷಕಿ ಆವತ್ತೇ ಎರಡು ತೀರ್ಮಾನ ತೆಗೆದುಕೊಂಡರು. ಸ್ಮಾರ್ಟ್ ಕ್ಲಾಸಿನ ಸರದಿ ಪಟ್ಟಿ ರದ್ದು. ಯಾವ ವಿಡಿಯೋವನ್ನೂ ಆ ವಿಷಯದ ಶಿಕ್ಷಕರಿಲ್ಲದೆ ಹಾಕುವಂತಿಲ್ಲ. ಈ ಎರಡನೆಯದು ಕಷ್ಟದ ತೀರ್ಮಾನ. ಗಣಿತದ ಪಿರಿಯಡ್ ಮತ್ತೆ ಖಾಲಿ ಕಾಣುತ್ತೆ, ಊರಿನವರು ಕೇಳುತ್ತಾರೆ ಎಂದು ಗೊತ್ತಿದ್ದೇ ಮಾಡಿದರು. ಹುದ್ದೆಯ ಬಗ್ಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮತ್ತೆ ಪತ್ರ ಬರೆದರು. ಅಷ್ಟರಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ಇನ್ನೂ ಚಿಕ್ಕ ವಯಸ್ಸು, ಬಿ.ಎಡ್. ಮುಗಿಸಿ ಒಂದೆರಡು ವರ್ಷ ಆಗಿತ್ತು ಅಷ್ಟೆ. ಈ ಕಥೆಯಲ್ಲಿ ಅವರ ಪಾಲು ದೊಡ್ಡದು.

ಟ್ಯಾಬ್ ಯಾರ ಕೈಗೆ

ಟ್ಯಾಬ್‌ಗಳನ್ನು ಮೊದಲು ಹಿಂದುಳಿದ ಮಕ್ಕಳಿಗೆ ಕೊಟ್ಟಿದ್ದರು. ಯೋಚನೆ ಸಹಜವೇ. ಬರುವವರಿಗೆ ಶಿಕ್ಷಕರು ಮುಂದಿನ ಪಾಠ ಮಾಡಲಿ, ಬಾರದವರು ಟ್ಯಾಬ್‌ನಲ್ಲಿ ಅಭ್ಯಾಸ ಮಾಡಲಿ ಎಂದು. ಒಂದು ಮಧ್ಯಾಹ್ನ ನಾನು ಅಂಥ ಒಬ್ಬ ಹುಡುಗನ ಪಕ್ಕ ಕೂತಿದ್ದೆ. ಪ್ರಶ್ನೆ ಬಂತು, ಕೆಳಗೆ ನಾಲ್ಕು ಉತ್ತರ. ಅವನು ಪ್ರಶ್ನೆಯ ಕಡೆ ಕಣ್ಣೂ ಹಾಯಿಸದೆ ಮೊದಲನೆಯದನ್ನು ಒತ್ತಿದ. ಕೆಂಪು. ಎರಡನೆಯದು. ಕೆಂಪು. ಮೂರನೆಯದು ಹಸಿರಾಯಿತು, ಚಪ್ಪಾಳೆಯ ಸದ್ದು ಬಂತು. ಮುಂದಿನ ಪ್ರಶ್ನೆ. "ಏನ್ ಮಾಡ್ತಿದೀಯಪ್ಪ?" ಎಂದೆ. "ಹಸ್ರು ಬರಗಂಟ ಒತ್ತಾದು ಸಾ" ಎಂದ, ತುಂಬಾ ಸಹಜವಾಗಿ. ಅವನ ಟ್ಯಾಬ್‌ನಲ್ಲಿ ಅಷ್ಟೂ ಪಾಠ 'ಮುಗಿದಿದೆ' ಎಂದು ತೋರಿಸುತ್ತಿತ್ತು. ದಾನಿಗಳಿಗೆ ಹೋಗುತ್ತಿದ್ದ ವರದಿಯಲ್ಲೂ ಅವನು ಮುಗಿಸಿದವರ ಪಟ್ಟಿಯಲ್ಲಿದ್ದ.

ಇದನ್ನು ಹೇಳಿದಾಗ ಅತಿಥಿ ಶಿಕ್ಷಕಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಉಲ್ಟಾ ಮಾಡೋಣ ಸಾರ್" ಎಂದರು. ಟ್ಯಾಬ್ ಮುಂದಿರುವ ಮಕ್ಕಳಿಗೆ, ತಾವು ಹಿಂದಿರುವ ಮಕ್ಕಳ ಜೊತೆ. ಈ ಪ್ರಕರಣದ ನಿಜವಾದ ತಿರುವು ಇದು. ಓದಲು ಬರುವ, ತಪ್ಪಾದರೆ ಯಾಕೆ ತಪ್ಪಾಯಿತು ಎಂದು ಹುಡುಕುವ ಅಭ್ಯಾಸ ಇರುವ ಮಗು ಟ್ಯಾಬ್ ಜೊತೆ ಒಂಟಿಯಾಗಿ ಮುಂದೆ ಹೋಗಬಲ್ಲದು. ಭಾಗಾಕಾರದಲ್ಲೇ ಎಡವುತ್ತಿರುವ ಮಗುವಿಗೆ ಎದುರು ಕೂತು, ಅದರ ಪೆನ್ಸಿಲ್ ಎಲ್ಲಿ ತಡೆಯಿತು ಎಂದು ನೋಡುವ ಮನುಷ್ಯರೇ ಬೇಕು. ಹೆಚ್ಚಿನ ಕಡೆ ನಾವು ಮಾಡುವುದು ಇದರ ವಿರುದ್ಧ. ಜಾಣ ಮಕ್ಕಳಿಗೆ ಮೇಷ್ಟ್ರು, ದಡ್ಡರು ಅನ್ನಿಸಿಕೊಂಡವರಿಗೆ ಯಂತ್ರ.

ದಿನದ ಕೊನೆಯ ಪಿರಿಯಡ್ಡನ್ನು ಇದಕ್ಕೆ ಇಟ್ಟರು. ಕಡ್ಡಿ ಕಟ್ಟು, ಹುಣಸೆ ಬೀಜ, ಕರಿಹಲಗೆ, ಇಷ್ಟೇ ಸಾಮಾನು. ಹತ್ತರ ಕಟ್ಟು ಬಿಚ್ಚಿ ಬಿಡಿ ಮಾಡುವುದು, ಹಂಚುವುದು, ಉಳಿದದ್ದು ಎಷ್ಟು ಎಂದು ಬರೆಯುವುದು. 9ನೇ ತರಗತಿಯ ಮಕ್ಕಳಿಗೆ ಇದು ನಾಚಿಕೆ ಅನ್ನಿಸಬಹುದು ಎಂಬ ಅಳುಕು ಇತ್ತು. ಟ್ಯಾಬ್ ಹಿಡಿದವರು ಗೋಡೆ ಕಡೆ ಮುಖ ಮಾಡಿ ತಮ್ಮ ಕೆಲಸದಲ್ಲಿ ಮುಳುಗಿರುತ್ತಿದ್ದರಿಂದ ಇವರನ್ನು ನೋಡಿ ನಗುವವರು ಇರಲಿಲ್ಲ. ಟ್ಯಾಬ್‌ನಿಂದ ಹೀಗೊಂದು ಲಾಭ ಆಗುತ್ತೆ ಅಂತ ಯಾರೂ ಎಣಿಸಿರಲಿಲ್ಲ.

ಟ್ಯಾಬ್ ಬಳಸುವವರಿಗೂ ಒಂದು ನಿಯಮ ಬಂತು. ಇಬ್ಬರಿಗೆ ಒಂದು ಟ್ಯಾಬ್. ಮೊದಲು ಇಬ್ಬರೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು. ಇಬ್ಬರ ಉತ್ತರವೂ ಒಂದೇ ಆಗದಿದ್ದರೆ ಮಾತಾಡಿಕೊಳ್ಳಬೇಕು. ಆಮೇಲೆ ಪರದೆ ಮುಟ್ಟುವುದು. ಹುಡುಗ, ಹುಡುಗಿ ಜೊತೆ ಕೂತರೆ ಟ್ಯಾಬ್ ಯಾವಾಗಲೂ ಹುಡುಗನ ಕೈಯಲ್ಲೇ ಇರುತ್ತಿತ್ತು. ಅದನ್ನು ಗಮನಿಸಿ ಪಾಠದ ನಡುವೆ ಕೈ ಬದಲಿಸಿ ಎಂದು ಶಿಕ್ಷಕಿ ಕೂಗಿ ಹೇಳುತ್ತಿದ್ದರು. ಸಣ್ಣ ವಿಷಯ ಅನ್ನಿಸಬಹುದು. ಆ ಹುಡುಗಿಯರಲ್ಲಿ ಕೆಲವರಿಗೆ ಮನೆಯಲ್ಲಿ ಫೋನ್ ಮುಟ್ಟಲೂ ಬಿಡುವುದಿಲ್ಲ.

ಹೊರಗಿನ ಅನುಭವವೂ ಇದಕ್ಕೆ ಹತ್ತಿರವಾಗಿದೆ. ಪೆರು ದೇಶದಲ್ಲಿ ಬಡ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. ಪಾಠ ಮಾಡುವ ರೀತಿ ಬದಲಾಗಲಿಲ್ಲ. ಗಣಿತ, ಭಾಷೆಯ ಕಲಿಕೆಯಲ್ಲಿ ಲಾಭ ಕಾಣಲಿಲ್ಲ ಎಂದು ಮೌಲ್ಯಮಾಪನ ಮಾಡಿದವರು ಬರೆದರು. ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶವೇ ಬಂದಿದೆ. ಅಲ್ಲಿ ಶಾಲೆ ಮುಗಿದ ಮೇಲೆ ಮಕ್ಕಳು ಕೇಂದ್ರಕ್ಕೆ ಬಂದು 45 ನಿಮಿಷ ಕಂಪ್ಯೂಟರ್‌ನಲ್ಲಿ, 45 ನಿಮಿಷ ಸಹಾಯಕ ಶಿಕ್ಷಕರ ಜೊತೆ ಸಣ್ಣ ಗುಂಪಿನಲ್ಲಿ ಕಲಿತರು. ಕಂಪ್ಯೂಟರ್ ಪ್ರತಿ ಮಗುವಿನ ಮಟ್ಟ ಗುರುತಿಸಿ ಅದಕ್ಕೆ ತಕ್ಕ ಪ್ರಶ್ನೆ ಕೊಡುತ್ತಿತ್ತು. ತರಗತಿ ಯಾವುದೇ ಇರಲಿ, ಮಗು ಎಲ್ಲಿದೆಯೋ ಅಲ್ಲಿಂದ ಶುರು. ನಮ್ಮ ಶಾಲೆಯ ಟ್ಯಾಬ್‌ಗಳಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. 9ನೇ ತರಗತಿ ಎಂದು ಒತ್ತಿದರೆ 9ನೇ ತರಗತಿಯ ಪಾಠ ಮಾತ್ರ. ಆದ್ದರಿಂದ ಟ್ಯಾಬ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ, ಅದರೊಳಗೆ ಏನಿದೆ ಮತ್ತು ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡದೆ ಉತ್ತರ ಕೊಡಲು ಆಗುವುದಿಲ್ಲ.

ವಿಜ್ಞಾನದ ಕೋಣೆಯಲ್ಲಿ

ಸಿಬಿಝಡ್ ಮೇಷ್ಟ್ರು ಪ್ಯಾನೆಲನ್ನು ನಿಜಕ್ಕೂ ಚೆನ್ನಾಗಿ ಬಳಸಿದವರು. 10ನೇ ತರಗತಿಯ ರಕ್ತ ಪರಿಚಲನೆ ಪಾಠ ನೋಡಿ. ರಕ್ತ ಒಂದು ಸುತ್ತಿನಲ್ಲಿ ಹೃದಯವನ್ನು ಎರಡು ಸಲ ಹಾದುಹೋಗುತ್ತೆ ಎಂದು ಬೋರ್ಡಿನ ಮೇಲೆ ಬಾಣ ಹಾಕಿ ವಿವರಿಸಲು ನಾನೇ ವರ್ಷಗಟ್ಟಲೆ ಹೆಣಗಾಡಿದ್ದೇನೆ. ಚಲಿಸುವ ಚಿತ್ರದಲ್ಲಿ ಕವಾಟ ತೆರೆಯುವುದು, ಮುಚ್ಚುವುದು, ರಕ್ತ ಶ್ವಾಸಕೋಶಕ್ಕೆ ಹೋಗಿ ಮರಳುವುದು ಒಂದೇ ನೋಟಕ್ಕೆ ಕಂಡಿತು. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಒಳಗೆ ನಡೆಯುವಂಥದ್ದು ಇದ್ದರೆ ಪರದೆಗೆ ಸಾಟಿಯಿಲ್ಲ.

ಆದರೆ ಅದೇ ವಾರದ ಕಿರುಪರೀಕ್ಷೆಯಲ್ಲಿ ಹಲವು ಮಕ್ಕಳು "ಹೃದಯದ ಬಲಭಾಗದಲ್ಲಿ ನೀಲಿ ರಕ್ತ ಇರುತ್ತದೆ" ಎಂದು ಬರೆದಿದ್ದರು. ಚಿತ್ರದಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತಕ್ಕೆ ನೀಲಿ ಬಣ್ಣ ಬಳಿದಿದ್ದರು. ಮಕ್ಕಳು ಕಂಡದ್ದನ್ನೇ ನಂಬಿದರು. ಮೇಷ್ಟ್ರು ಮಾರನೇ ದಿನ ಪ್ಯಾನೆಲ್ ಹಾಕಲಿಲ್ಲ. "ಆಸ್ಪತ್ರೇಲಿ ರಕ್ತ ಪರೀಕ್ಷೆಗೆ ಕೈಯಿಂದ ರಕ್ತ ತೆಗೀತಾರಲ್ಲ, ಅದು ಅಭಿಧಮನಿಯಿಂದ. ಯಾವ ಬಣ್ಣ ಇತ್ತು?" ಎಂದು ಕೇಳಿದರು. ಕಡುಗೆಂಪು ಎಂದು ಒಬ್ಬಳು ಹೇಳಿದಳು. ಅಲ್ಲಿಂದ ಮಾತು ಬೆಳೆಯಿತು. ಹಾಗಾದರೆ ಚಿತ್ರ ಬರೆದವರು ನೀಲಿ ಯಾಕೆ ಹಾಕಿದರು ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಅಪಧಮನಿಯಲ್ಲಿ ಯಾವಾಗಲೂ ಆಮ್ಲಜನಕ ತುಂಬಿದ ರಕ್ತವೇ ಇರುತ್ತಾ, ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಕಥೆ ಏನು ಎಂಬಲ್ಲಿಗೆ ಚರ್ಚೆ ಮುಟ್ಟಿತು. ಚಿತ್ರ ತೋರಿಸಿದ ದಿನಕ್ಕಿಂತ ಈ ದಿನ ಕಲಿತದ್ದು ಜಾಸ್ತಿ. ಹಾಗಂತ ಚಿತ್ರ ಇಲ್ಲದಿದ್ದರೆ ಈ ಚರ್ಚೆಯೂ ಇರುತ್ತಿರಲಿಲ್ಲ.

ಪೀನ ಮಸೂರದ ಪಾಠಕ್ಕೆ ಅವರು ಕ್ರಮವನ್ನೇ ಬದಲಿಸಿದರು. ಮೊದಲು ಕೈಗೆ ಮಸೂರ. ಕಿಟಕಿಯಾಚೆಯ ತೆಂಗಿನ ಮರದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಬೇಕು. ತಲೆಕೆಳಗಾದ ಪುಟ್ಟ ಮರ ಗರಿ ಅಲ್ಲಾಡಿಸುತ್ತಾ ಹಾಳೆಯ ಮೇಲೆ ಕಂಡಾಗ ಹಿಂದಿನ ಬೆಂಚಿನವರೂ ಎದ್ದು ಬಂದರು. ಆಮೇಲೆ ಮೇಣದ ಬತ್ತಿ ಹಚ್ಚಿ, ಹತ್ತಿರ ತಂದರೆ ಬಿಂಬ ಏನಾಗುತ್ತೆ ಎಂದು ಮೊದಲೇ ಊಹಿಸಿ ಬರೆಯಬೇಕು. ಕೊನೆಗೆ ಪ್ಯಾನೆಲ್. ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ಎಂಬ ಉಚಿತ ಸಿಮ್ಯುಲೇಶನ್‌ನಲ್ಲಿ ವಸ್ತುವನ್ನು ಬೆರಳಿನಿಂದ ಸರಿಸುತ್ತಾ ಹೋದರೆ ಕಿರಣಗಳು ಕೂಡಲೇ ಬದಲಾಗುತ್ತವೆ. ವಸ್ತು ಸಂಗಮ ಬಿಂದುವಿಗಿಂತ ಒಳಗೆ ಬಂದ ಕೂಡಲೇ ಬಿಂಬ ಹಾಳೆಯ ಮೇಲೆ ಸಿಗದೆ, ನೆಟ್ಟಗೆ, ದೊಡ್ಡದಾಗಿ ಅದೇ ಬದಿಯಲ್ಲಿ ಕಾಣುವುದು ಯಾಕೆ ಎಂದು ಕಿರಣಗಳೇ ತೋರಿಸುತ್ತವೆ. ಮೇಣದ ಬತ್ತಿಯಿಂದ ಇಷ್ಟು ತೋರಿಸಲು ಆಗುವುದಿಲ್ಲ. ಸಿಮ್ಯುಲೇಶನ್ ಮೊದಲೇ ಹಾಕಿದ್ದರೆ ಮರದ ಬಿಂಬ ಕಂಡಾಗಿನ ಆ ಬೆರಗೂ ಇರುತ್ತಿರಲಿಲ್ಲ.

ವಿದ್ಯುತ್ ಮಂಡಲಕ್ಕೆ ಮಾತ್ರ ಅವರು ಪರದೆ ಬೇಡವೇ ಬೇಡ ಎಂದರು. ಪರದೆಯ ಮೇಲೆ ಬಲ್ಬ್ ತಪ್ಪದೆ ಉರಿಯುತ್ತೆ. ಕೈಯಲ್ಲಿ ಉರಿಯುವುದಿಲ್ಲ. ತಂತಿ ಸಡಿಲ, ಸೆಲ್ ವೀಕು, ಹೋಲ್ಡರಿಗೆ ತುಕ್ಕು. ಎಲ್ಲಿ ಕೆಟ್ಟಿದೆ ಎಂದು ಹುಡುಕುವುದರಲ್ಲೇ ಆ ಪಾಠ ಇದೆ.

ಗಣಿತದಲ್ಲಿ ಅತಿಥಿ ಶಿಕ್ಷಕಿ ನಕ್ಷೆ, ಆಕೃತಿ ಬರೆಯುವ ಜಿಯೋಜೀಬ್ರಾ ಎಂಬ ತಂತ್ರಾಂಶ ಕಲಿತುಕೊಂಡರು. ಪ್ರತಿಯೊಬ್ಬರೂ ಒಂದು ಸರಳರೇಖೆಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಕೈಯಾರೆ ಬರೆದ ಮೇಲಷ್ಟೇ, ಇಳಿಜಾರು ಬದಲಿಸಿದರೆ ರೇಖೆ ಹೇಗೆ ತಿರುಗುತ್ತೆ ಎಂದು ಪ್ಯಾನೆಲ್‌ನಲ್ಲಿ ತೋರಿಸುತ್ತಿದ್ದರು. ಹತ್ತು ನಕ್ಷೆ ಕೈಯಲ್ಲಿ ಬರೆಸಲು ವಾರ ಬೇಕು, ಇಲ್ಲಿ ಕ್ಷಣದ ಕೆಲಸ.

ಕನ್ನಡ ಮೇಷ್ಟ್ರು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಮೊದಲಿಂದಲೂ ಪ್ಯಾನೆಲ್ ಬಗ್ಗೆ ಅವರಿಗೆ ಅಷ್ಟಕ್ಕಷ್ಟೇ. ಆದರೆ ಭಾಮಿನಿ ಷಟ್ಪದಿಯ ಪದ್ಯವನ್ನು ಗಮಕಿಗಳ ದನಿಯಲ್ಲಿ ಸ್ಪೀಕರಿನಿಂದ ಕೇಳಿಸಿದಾಗ ಮಕ್ಕಳು ಮತ್ತೆ ಹಾಕಿ ಸಾರ್ ಎಂದರು. ಆಮೇಲೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಕ್ಕಳ ಓದನ್ನೇ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದರು. ತಾನು ಎಲ್ಲಿ ತಡವರಿಸಿದೆ, ಎಲ್ಲಿ ವಾಕ್ಯ ಮುಗಿಯುವ ಮೊದಲೇ ನಿಲ್ಲಿಸಿದೆ ಎಂದು ಮಗುವಿಗೇ ಕೇಳಿಸಿತು. ಯಾರೂ ಬೈಯಬೇಕಾಗಲಿಲ್ಲ. ಇದಕ್ಕೆ ದುಬಾರಿ ಪ್ಯಾನೆಲ್ ಬೇಕಿರಲಿಲ್ಲ ಅಲ್ವಾ? ಒಂದು ಮಾಮೂಲಿ ಫೋನ್ ಸಾಕಾಯಿತು.

ಫೋನಿಗೆ ಬಂದ ಹೋಂವರ್ಕ್

ಮೊದಲ ವರ್ಷ ವಾಟ್ಸಾಪ್ ಗ್ರೂಪಿನಲ್ಲಿ ಹೋಂವರ್ಕ್ ಕಳಿಸುವ ರೂಢಿ ಇತ್ತು. ಕೋವಿಡ್ ಕಾಲದಲ್ಲಿ ಶುರುವಾದದ್ದು, ಹಾಗೇ ಮುಂದುವರಿದಿತ್ತು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಗಾರ್ಮೆಂಟ್ಸ್‌ಗೆ ಹೋಗುವವರು, ಸಭೆಗೆಂದೇ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. "ನಾನ್ ಬರೋದು ಏಳೂವರೆಗೆ ಮಿಸ್. ಬಂದ್ ತಕ್ಷಣ ಹೋಂವರ್ಕು ಅಂತ ಫೋನ್ ಕಿತ್ಕೊಂಡ್ರೆ ಹತ್ ಗಂಟೆಗೂ ಕೊಡಕಿಲ್ಲ. ಬೈದ್ರೆ ಮಿಸ್ಸೇ ಕಳಿಸವ್ರೆ ಅಂತಾನೆ. ನಾನ್ ಏನ್ ಹೇಳಾದು?" ಅವರು ಜಗಳಕ್ಕೆ ಬಂದಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಒಂದೇ ಫೋನು, ಅದು ಅಣ್ಣನ ಜೇಬಿನಲ್ಲಿ. ಮಗಳಿಗೆ ಹೋಂವರ್ಕ್ ಏನು ಅಂತಲೇ ಗೊತ್ತಾಗುತ್ತಿರಲಿಲ್ಲ. ಮಾರನೇ ದಿನ ಶಾಲೆಯಲ್ಲಿ ಬೈಗುಳ.

ಅದೇ ಸಭೆಯಲ್ಲಿ ತೀರ್ಮಾನವಾಯಿತು. ಮಕ್ಕಳ ಕೆಲಸಕ್ಕೆ ಫೋನ್ ಇಲ್ಲ. ಹೋಂವರ್ಕ್ ಬೋರ್ಡಿನಲ್ಲಿ, ನೋಟ್‌ಬುಕ್ಕಿನಲ್ಲಿ. ಗ್ರೂಪು ಪೋಷಕರಿಗೆ ರಜೆ, ಸಭೆ, ಬಸ್ಸಿನ ವಿಷಯ ತಿಳಿಸಲು ಮಾತ್ರ. ಒಂದಿಬ್ಬರು ಶಿಕ್ಷಕರಿಗೆ ಇದು ಹಿಂದಕ್ಕೆ ಹೋದಂತೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. 2023ರ ಯುನೆಸ್ಕೊ ಶಿಕ್ಷಣ ವರದಿ ತಂತ್ರಜ್ಞಾನದ ಬಗ್ಗೆಯೇ ಇತ್ತು. ಶಾಲೆಯಲ್ಲಿ ಸ್ಮಾರ್ಟ್‌ಫೋನ್ ಬೇಡ ಎಂದು ಕಾನೂನು ಅಥವಾ ನೀತಿ ಮಾಡಿದ ದೇಶಗಳು ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು ಎಂದು ಅದು ಲೆಕ್ಕ ಕೊಟ್ಟಿತ್ತು. ನಮ್ಮ ಶಾಲೆ ಆ ವರದಿ ಓದಿ ನಿಲ್ಲಿಸಿದ್ದಲ್ಲ. ಆ ತಾಯಿಯ ಮಾತು ಕೇಳಿ ನಿಲ್ಲಿಸಿತು.

ಕರೆಂಟು, ಧೂಳು, ಲೈಸೆನ್ಸ್

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಪ್ಯಾನೆಲ್ ಬದುಕುವುದು ಇದರ ಮೇಲೆ. ಕರೆಂಟ್ ಹೋಗುವುದು ಹಳ್ಳಿಯಲ್ಲಿ ಮಾಮೂಲು. ಯುಪಿಎಸ್ ಇತ್ತು, ಬ್ಯಾಟರಿ ಸೀಸ-ಆಮ್ಲದ್ದು. ಅದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು ಎಂದು ಕೊಡುವಾಗ ಯಾರೂ ಹೇಳಿರಲಿಲ್ಲ. ಬೇಸಿಗೆ ರಜೆಯಲ್ಲಿ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದರು. ಚಾರ್ಜ್ ಇಳಿದ ಬ್ಯಾಟರಿ ಹಾಗೇ ಬಿದ್ದಿದ್ದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಮತ್ತೆ ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಯುಪಿಎಸ್ ಹತ್ತು ನಿಮಿಷಕ್ಕೆ ಕೂಗತೊಡಗಿತು. ಪ್ಯಾನೆಲ್ ಪಕ್ಕದಲ್ಲೇ ಕರಿಹಲಗೆ. ಸೀಮೆಸುಣ್ಣದ ಪುಡಿ ಪ್ಯಾನೆಲ್ಲಿನ ಅಂಚಿನ ಪಟ್ಟಿಯಲ್ಲಿ ಕೂತು, ಯಾರೂ ಮುಟ್ಟದಿದ್ದರೂ ಮುಟ್ಟಿದ ಹಾಗೆ ಪುಟ ತಾನೇ ಬದಲಾಗುತ್ತಿತ್ತು. ಒಣಬಟ್ಟೆಯಲ್ಲಿ ಅಂಚು ಒರೆಸುವ ಕೆಲಸವನ್ನು ಈಗ ಮಕ್ಕಳೇ ಸರದಿಯಲ್ಲಿ ಮಾಡುತ್ತಾರೆ.

ಎರಡನೇ ವರ್ಷ ವಿಡಿಯೋ ಪಾಠಗಳು ತೆರೆಯಲಿಲ್ಲ. ಲೈಸೆನ್ಸ್ ಮುಗಿದಿತ್ತು, ಮತ್ತೆ ಹಣ ಕಟ್ಟಬೇಕಿತ್ತು. ದಾನದ ಪತ್ರದಲ್ಲಿ ಆ ಸಾಲು ಇತ್ತು, ಟೇಪ್ ಕಟ್ ಮಾಡುವ ದಿನ ಯಾರೂ ಓದಿರಲಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರು ಕಬ್ಬಿನ ರೈತರು. "ಟ್ರ್ಯಾಕ್ಟ್ರು ಕೊಟ್ಬುಟ್ಟು ಡೀಸೆಲ್ ನೀನೇ ಹಾಕ್ಕೊ ಅಂದಂಗಾಯ್ತು" ಎಂದರು. ಶಾಲೆಯವರು ಹಣ ಕಟ್ಟಲಿಲ್ಲ. 2017ರಲ್ಲಿ ಶುರುವಾದ, ಸರ್ಕಾರದ ಉಚಿತ ಪಾಠಗಳ ತಾಣ ದೀಕ್ಷಾ ಇದೆ, ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ, ಅದರಲ್ಲಿ ಬೇಕಾದದ್ದನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಫೆಟ್, ಜಿಯೋಜೀಬ್ರಾ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಮೇಷ್ಟ್ರು ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಆರಿಸಿ ಫೋಲ್ಡರ್ ಮಾಡಿದರು. ಆಯ್ಕೆ ಮಾಡಲು ಅವರು ಮೊದಲು ತಾವೇ ನೋಡಬೇಕಾಯಿತು. ಎಲ್ಲ ಸಿದ್ಧವಾಗಿ ಬಂದಾಗ ಈ ಕೆಲಸ ನಡೆದಿರಲಿಲ್ಲ. ಜೊತೆಗೆ ಇನ್ನೊಂದು ನಿಯಮ ಮಾಡಿಕೊಂಡರು. ಕರೆಂಟ್ ಹೋದರೂ ನಿಲ್ಲದಂಥ ಪಾಠಯೋಜನೆಯೇ ಇರಬೇಕು.

ಏನಾಯಿತು

ಪವಾಡ ಏನೂ ಆಗಲಿಲ್ಲ. ಎರಡನೇ ವರ್ಷದ ಕೊನೆಗೆ, ಕೊನೆಯ ಪಿರಿಯಡ್ಡಿನಲ್ಲಿ ಶಿಕ್ಷಕಿಯ ಜೊತೆ ಕೂತ ಮಕ್ಕಳಲ್ಲಿ ಹೆಚ್ಚಿನವರು ಭಾಗಾಕಾರವನ್ನು ಧೈರ್ಯವಾಗಿ ಮಾಡುತ್ತಿದ್ದರು. ಭಿನ್ನರಾಶಿಯಲ್ಲಿ ಇನ್ನೂ ಎಡವುತ್ತಿದ್ದರು. ಹಸಿರು ಬರುವವರೆಗೆ ಒತ್ತುತ್ತಿದ್ದ ಹುಡುಗ ಗಣಿತದಲ್ಲಿ ಪಾಸಾದ, ಅಂಚಿನಲ್ಲಿ. ವಿಜ್ಞಾನದಲ್ಲಿ 'ಕಾರಣ ಕೊಡಿ' ಎಂಬ ಪ್ರಶ್ನೆಗಳನ್ನು ಬಿಟ್ಟುಬಿಡುವವರು ಕಡಿಮೆಯಾದರು. ಪ್ಯಾನೆಲ್ ದಿನಕ್ಕೆ ಮೊದಲಿನಷ್ಟು ಹೊತ್ತು ಉರಿಯುವುದಿಲ್ಲ. ಇದರಿಂದ ದಾನಿಗಳಿಗೆ ಹೋಗುವ ಬಳಕೆಯ ವರದಿಯಲ್ಲಿ ಶಾಲೆ ಕೆಳಗಿಳಿಯಿತು. ಯಾಕೆ ಎಂದು ಅಲ್ಲಿಂದ ಫೋನೂ ಬಂತು. ಬಳಕೆಯ ಗಂಟೆ ಎಣಿಸುವುದು ತಪ್ಪು ಅಳತೆ ಎಂದು ಮುಖ್ಯ ಶಿಕ್ಷಕಿ ಹಳೆಯ ನೋಟ್‌ಬುಕ್, ಹೊಸ ನೋಟ್‌ಬುಕ್ ಎರಡರ ಫೋಟೋ ಕಳಿಸಿ ವಿವರಿಸಿದರು.

ಒಬ್ಬ ಹುಡುಗಿಯ ವಿಷಯ ಹೇಳಲೇಬೇಕು. ಪ್ಯಾನೆಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿದಾಗ ಮಾತ್ರ ಅವಳು ಬರೆದುಕೊಳ್ಳುತ್ತಾಳೆ, ಕರಿಹಲಗೆಯಿಂದ ಬರೆದುಕೊಳ್ಳುವುದಿಲ್ಲ ಎಂದು ಸಿಬಿಝಡ್ ಮೇಷ್ಟ್ರು ಗಮನಿಸಿದರು. ಕಣ್ಣಿನ ಪರೀಕ್ಷೆ ಮಾಡಿಸಿದರೆ ದೂರದ್ದು ಕಾಣಲು ಕನ್ನಡಕ ಬೇಕಿತ್ತು. ಅಷ್ಟು ವರ್ಷ ಅವಳನ್ನು ಸೋಮಾರಿ ಅಂದುಕೊಂಡಿದ್ದರು.

ಬೇರೆ ಶಾಲೆಯವರು ಈ ಪ್ರಕರಣದಿಂದ ತೆಗೆದುಕೊಳ್ಳುವುದಾದರೆ, ನಾನು ಮೊದಲು ಹೇಳುವುದು ನೋಟ್‌ಬುಕ್ ನೋಡಿ ಎಂದು. ಪರದೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಮಕ್ಕಳ ಕೈಬರಹದಲ್ಲೇ ಗೊತ್ತಾಗುತ್ತೆ. ಶಿಕ್ಷಕರ ಸಮಯ ಯಾರಿಗೆ ಎಂದು ಮೊದಲು ನಿರ್ಧರಿಸಿ, ಉಳಿದವರಿಗೆ ಯಂತ್ರ ಕೊಡಿ. ದಾನಿಗಳು ಕೊಡುವ ಮೊದಲು ಬ್ಯಾಟರಿಗೆ, ಲೈಸೆನ್ಸ್‌ಗೆ ಮುಂದಿನ ವರ್ಷಗಳ ಹಣ ಯಾರದು ಎಂದು ಬರೆಸಿಕೊಳ್ಳಿ. ಖಾಲಿ ಹುದ್ದೆ ಇರುವ ವಿಷಯಕ್ಕೆ ವಿಡಿಯೋ ಹಾಕಿ ಕೂರಿಸಬೇಡಿ. ಹುದ್ದೆ ಖಾಲಿ ಇದೆ ಎಂದು ಎಲ್ಲರಿಗೂ ಕಾಣಲಿ.

ಹಳೆಯ ವಿದ್ಯಾರ್ಥಿಗಳು ಎರಡನೇ ಪ್ಯಾನೆಲ್‌ಗೆ ಹಣ ಕೂಡಿಸಿದ್ದರು. ಅದರ ಬದಲು ಅರ್ಧವನ್ನು ಬ್ಯಾಟರಿ ಮತ್ತು ರಿಪೇರಿಗೆ ಠೇವಣಿ ಇಟ್ಟು, ಉಳಿದದ್ದರಲ್ಲಿ ಜೂನ್‌ನಿಂದ ಅತಿಥಿ ಶಿಕ್ಷಕರ ನೇಮಕ ಆಗುವವರೆಗೆ ಗಣಿತಕ್ಕೆ ಒಬ್ಬರಿಗೆ ಗೌರವಧನ ಕೊಡಿ ಎಂದು ಮುಖ್ಯ ಶಿಕ್ಷಕಿ ಕೇಳಿದರು. ಸಂಘದಲ್ಲಿ ವಾದ ಆಯಿತು. ಪ್ಯಾನೆಲ್ ಮೇಲೆ ಹೆಸರು ಬರೆಸಬಹುದು, ಗೌರವಧನದ ಮೇಲೆ ಎಲ್ಲಿ ಬರೆಸುವುದು ಎಂದು ಒಬ್ಬರು ನೇರವಾಗಿಯೇ ಕೇಳಿದರಂತೆ. ಕೊನೆಗೆ ಒಪ್ಪಿದರು. ಆ ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಅದೇ ಶಿಕ್ಷಕಿ ತರಗತಿಗೆ ಬಂದರು. ಪಿಸಿಎಂ ಹುದ್ದೆ ಇನ್ನೂ ಖಾಲಿ ಇದೆ, ಪತ್ರ ಬರೆಯುವುದನ್ನು ಮುಖ್ಯ ಶಿಕ್ಷಕಿ ನಿಲ್ಲಿಸಿಲ್ಲ.